ಪಂಪುಸೆಟ್ಟಿನ ಮೋಟಾರೂ ಮರಳಿ ಹೋಗುವ ವಿದ್ಯುತ್ತೂ: ಬನಹಟ್ಟಿ ಸೀಮೆಯ ಜಮೀನುದಾರರಲ್ಲಿ ಒಂದು ವಿಜ್ಞಾಪನೆ

ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರಗಳ ಸುತ್ತಣ ಗ್ರಾಮಗಳಲ್ಲಿ ಬೇಸಿಗೆಯು ಕಾಲಿಟ್ಟಿತೆಂದರೆ "ನಮ್ಮ ಟಿ.ಸಿ. ಸುಟ್ಟಿತು" ಎಂಬ ಮಾತು ಕೇಳಿಬರುವುದು ಹೊಸದಲ್ಲ. ವಿದ್ಯುತ್ ಪರಿವರ್ತಕವನ್ನೇ ನಮ್ಮ ಜನರು ಟಿ.ಸಿ. ಎಂದು ಕರೆಯುವರು. ಅದು ಸುಟ್ಟ ದಿವಸದಿಂದ ಊರಿನ ನಾಲ್ಕು ಮಂದಿ ಹಿರಿಯರು ಕಚೇರಿಯಿಂದ ಕಚೇರಿಗೆ ಅಲೆಯುವರು. ಹೊಲದಲ್ಲಿ ಕಬ್ಬು ಸುರುಳಿ ಸುತ್ತುವುದು. ಅರಿಶಿನದ ಮಡಿಗಳು ಬಿರಿಯುವವು. ಬೇರೊಂದು ಪರಿವರ್ತಕವು ಬಂದು ಕಂಬವೇರುವ ಹೊತ್ತಿಗೆ ಎರಡು ಸರದಿಯ ನೀರು ತಪ್ಪಿಹೋಗಿರುವುದೂ ಉಂಟು. ಆಗ ದೂಷಣೆಯೆಲ್ಲವೂ ವಿದ್ಯುತ್ ಸರಬರಾಜು ಮಾಡುವವರ ಮೇಲೆಯೂ, ಕೈಗೆ ಸಿಕ್ಕುವ ಲೈನ್‌ಮನ್ನನ ಮೇಲೆಯೂ ಬೀಳುವುದು ಸಹಜವೇ. ಆ ದೂಷಣೆಯಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳತಕ್ಕವನಲ್ಲ. ಆದರೆ ಈ ಅನರ್ಥದ ಒಂದು ಪಾಲಿಗೆ ಕಾರಣವು ನಮ್ಮ ನಮ್ಮ ಬಾವಿಯ ಬಳಿಯ ಮೋಟಾರು ಮನೆಯಲ್ಲಿಯೇ ಇರುತ್ತದೆ. ಅದನ್ನು ನಿವಾರಿಸುವ ಶಕ್ತಿಯು ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಇದೆ ಎಂಬುದನ್ನು ಈ ಲೇಖನದಲ್ಲಿ ನಿವೇದಿಸಬೇಕೆಂದಿದ್ದೇನೆ. ಅದಕ್ಕೆ ಮೊದಲು ಮೋಟಾರಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕಾಗುವುದು.

ಲಂಡನ್ನಿನಲ್ಲಿ ಕಮ್ಮಾರನ ಮಗನಾಗಿ ಬೆಳೆದು, ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತು, ಬಳಿಕ ಜಗತ್ಪ್ರಸಿದ್ಧ ವಿಜ್ಞಾನಿಯಾದ ಮೈಕೇಲ್ ಫ್ಯಾರಡೆ ಎಂಬವರು 1831ನೆಯ ಇಸವಿ ಆಗಸ್ಟ್ 29ರಂದು ಒಂದು ಪ್ರಯೋಗವನ್ನು ಮಾಡಿದರು. ಮೆತು ಕಬ್ಬಿಣದ ಒಂದು ಬಳೆಗೆ ಎರಡು ಕಡೆಗಳಲ್ಲಿ ಬೇರೆ ಬೇರೆಯಾಗಿ ತಾಮ್ರದ ತಂತಿಯನ್ನು ಸುತ್ತಿ, ಒಂದು ಸುರುಳಿಯನ್ನು ಬ್ಯಾಟರಿಗೂ ಮತ್ತೊಂದನ್ನು ಸೂಚಿಯುಳ್ಳ ಒಂದು ಮಾಪಕಕ್ಕೂ ಜೋಡಿಸಿದರು. ಎರಡು ಸುರುಳಿಗಳಿಗೂ ಪರಸ್ಪರ ಸ್ಪರ್ಶವೇ ಇಲ್ಲ. ಆದರೂ ಬ್ಯಾಟರಿಯನ್ನು ಹಚ್ಚಿದ ಕ್ಷಣದಲ್ಲಿ ಎರಡನೆಯ ಸುರುಳಿಯ ಸೂಚಿಯು ಅಲುಗಿತು; ತೆಗೆದ ಕ್ಷಣದಲ್ಲಿ ವಿರುದ್ಧ ದಿಕ್ಕಿಗೆ ಅಲುಗಿತು; ಪ್ರವಾಹವು ಒಂದೇ ಸಮನಾಗಿ ಹರಿಯುತ್ತಿರುವಾಗ ಮಾತ್ರ ಸುಮ್ಮನಿತ್ತು. ಆಯಸ್ಕಾಂತದ ಬಲವು ಬದಲಾಗುತ್ತಿರುವಾಗ ಮಾತ್ರವೇ ಸಮೀಪದ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬ ತತ್ತ್ವವು ಇದರಿಂದ ಸಿದ್ಧವಾಯಿತು. ಇದಕ್ಕೆ ವಿದ್ಯುತ್ಕಾಂತೀಯ ಪ್ರೇರಣೆಯೆಂದು ಹೆಸರು. ನಮ್ಮ ಹೊಲದ ಕಂಬದ ಮೇಲಿರುವ ಪರಿವರ್ತಕವು ಫ್ಯಾರಡೆಯವರ ಆ ಬಳೆಯ ದೊಡ್ಡ ರೂಪವಲ್ಲದೆ ಬೇರೆಯಲ್ಲ.

ಹೀಗೆ ಹುಟ್ಟುವ ವಿದ್ಯುತ್ತಿಗೆ ಒಂದು ಹಟಮಾರಿತನವುಂಟು. ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ಅದು ತಡೆಯಲು ಹವಣಿಸುವುದು. 1834ರಲ್ಲಿ ಲೆನ್ಜ್ ಎಂಬ ವಿದ್ವಾಂಸರು ಈ ನಿಯಮವನ್ನು ನಿರೂಪಿಸಿದರು. ನಮ್ಮಲ್ಲಿ ಹಿಂದೆ ಡೈನಮೋ ಉಳ್ಳ ಸೈಕಲ್ಲನ್ನು ತುಳಿದವರೆಲ್ಲರೂ ಈ ನಿಯಮವನ್ನು ಕಾಲಿನಿಂದಲೇ ಬಲ್ಲರು: ದೀಪವು ಹೊತ್ತಿದೊಡನೆ ಪೆಡಲು ಭಾರವಾಗುತ್ತಿತ್ತು. ಸುರುಳಿ ಸುತ್ತಿದ ತಂತಿಯಲ್ಲಿ ಪ್ರವಾಹವು ಏರತೊಡಗಿದರೆ, ಸುರುಳಿಯು ತನ್ನೊಳಗೇ ವಿರೋಧವನ್ನು ಹುಟ್ಟಿಸಿ ಆ ಏರಿಕೆಯನ್ನು ತಡಮಾಡುವುದು. ಇಳಿಯತೊಡಗಿದರೆ ಇಳಿಕೆಯನ್ನೂ ತಡಮಾಡುವುದು. ಹಳೆಯ ಬಗೆಯ ಕತ್ತಿಸ್ವಿಚ್ಚನ್ನು ಎಳೆದು ಮೋಟಾರನ್ನು ನಿಲ್ಲಿಸುವಾಗ ನೀಲಿಯ ಕಿಡಿಯು ಚಟ್ಟನೆ ಹಾರುವುದನ್ನು ನೀವು ಕಂಡಿರಬಹುದು. ಪ್ರವಾಹವು ಒಮ್ಮೆಲೇ ನಿಲ್ಲಲೊಲ್ಲದೆ ಗಾಳಿಯನ್ನಾದರೂ ಸೀಳಿ ಹರಿಯಲೆತ್ನಿಸುವುದೇ ಆ ಕಿಡಿಗೆ ಕಾರಣ.

ನಮ್ಮ ಹೊಲಗಳಿಗೆ ಬರುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂಥದಲ್ಲ. ಬನಹಟ್ಟಿಯ ಮಗ್ಗದ ಲಾಳಿಯು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹಾಯುವಂತೆ, ಅದು ಸೆಕೆಂಡಿಗೆ 50 ಆವರ್ತಗಳಂತೆ ಹೋಗಿ ಬರುತ್ತಿರುವುದು. ಇದಕ್ಕೆ ಪರ್ಯಾಯ ಪ್ರವಾಹವೆನ್ನುವರು. ಇಂಥ ಅಸ್ಥಿರವಾದ ಪ್ರವಾಹವನ್ನು ಜಗತ್ತು ಆರಿಸಿಕೊಂಡುದೇಕೆಂದರೆ, ಬದಲಾಗುತ್ತಿರುವ ಪ್ರವಾಹಕ್ಕೆ ಮಾತ್ರವೇ ಫ್ಯಾರಡೆಯವರ ಬಳೆಯು ಕೆಲಸ ಮಾಡುವುದು; ಆ ಬಳೆಯಿದ್ದರೆ ವೋಲ್ಟೇಜನ್ನು ಬೇಕಾದಷ್ಟು ಏರಿಸಿ, ಪ್ರವಾಹವನ್ನು ತಗ್ಗಿಸಿ, ತೆಳ್ಳನೆಯ ತಂತಿಯ ಮೇಲೆ ಬಹುದೂರ ಸಾಗಿಸಿ, ಮತ್ತೆ ಇಳಿಸಿಕೊಳ್ಳಬಹುದು. 1902ನೆಯ ಇಸವಿಯಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಈ ಉಪಾಯದಿಂದಲೇ. ಇಂದು ನಮ್ಮ ಊರಿನ ಮಗ್ಗುಲಿಗೆ 11,000 ವೋಲ್ಟುಗಳಲ್ಲಿ ಬಂದು ನಮ್ಮ ಟಿ.ಸಿ.ಯಲ್ಲಿ 415 ವೋಲ್ಟುಗಳ ಸುಮಾರಿಗೆ ಇಳಿಯುವುದೂ ಅದರಂತೆಯೇ.

ಈಗ ಮುಖ್ಯವಾದ ಮಾತಿಗೆ ಬರೋಣ. ಪರ್ಯಾಯ ಪ್ರವಾಹವನ್ನು ಒಂದು ಸುರುಳಿಗೆ ಕೊಟ್ಟರೆ, ಸುರುಳಿಯ ಹಟಮಾರಿತನದಿಂದ ಪ್ರವಾಹವು ವೋಲ್ಟೇಜಿನ ಹಿಂದೆ ಬೀಳುವುದು. ಬರಿಯ ಸುರುಳಿಯಾದರೆ ಕಾಲು ಆವರ್ತದಷ್ಟು, ಎಂದರೆ ಸೆಕೆಂಡಿನ 200ರಲ್ಲಿ ಒಂದು ಪಾಲಿನಷ್ಟು, ಹಿಂದಾಗುವುದು. ಕೇಳುವುದಕ್ಕೆ ಇದು ಅತ್ಯಲ್ಪವಾದ ಕಾಲ. ಫಲವು ಮಾತ್ರ ಅಲ್ಪವಲ್ಲ. ಹೀಗೆ ಹಿಂದೆ ಬಿದ್ದ ಪ್ರವಾಹವು ಒಂದು ಕ್ಷಣ ಶಕ್ತಿಯನ್ನು ತಂದು ಸುರುಳಿಯ ಆಯಸ್ಕಾಂತದಲ್ಲಿ ಇರಿಸುವುದು, ಮರುಕ್ಷಣವೇ ಅದನ್ನು ಲೈನಿಗೆ ಹಿಂದಿರುಗಿಸುವುದು. ಅದರಿಂದ ಒಂದು ಕೊಡ ನೀರೂ ಮೇಲೇರುವುದಿಲ್ಲ. ಆದರೆ ತಂತಿಯೂ ಟಿ.ಸಿ.ಯೂ ಹೋಗುವಾಗಲೂ ಬರುವಾಗಲೂ ಆ ಪ್ರವಾಹದ ಭಾರವನ್ನು ಹೊತ್ತು ಬಿಸಿಯಾಗುವವು. ಒಬ್ಬ ಒಕ್ಕಲಿಗನು ಪ್ರತಿದಿನವೂ ಬೆಳಿಗ್ಗೆ ಊರಿನಿಂದ ನೇಗಿಲು ನೊಗಗಳನ್ನು ಎರವಲಾಗಿ ಚಕ್ಕಡಿಯಲ್ಲಿ ಹೇರಿಕೊಂಡು ಹೊಲಕ್ಕೆ ಹೋಗಿ, ಸಂಜೆಗೆ ಹಿಂದಿರುಗಿಸುವನೆಂದು ಭಾವಿಸಿರಿ. ಕೊಟ್ಟವನಿಗೆ ಏನೂ ನಷ್ಟವಿಲ್ಲ, ಸಾಮಾನು ಮರಳಿ ಬಂದಿತು. ಆದರೆ ದಾರಿಯು ಸವೆಯುವುದು. ಊರಿನವರೆಲ್ಲರೂ ಹಾಗೆ ಮಾಡಿದರೆ ಕಬ್ಬಿನ ಗಾಡಿಗೆ ದಾರಿಯೇ ಸಿಕ್ಕದು.

ನಾವು ಬಳಸುವ ಮೋಟಾರು ಪ್ರೇರಣಾ ಮೋಟಾರು, ಎಂದರೆ ಇಂಡಕ್ಷನ್ ಮೋಟಾರು. ಇದರ ಹಕ್ಕುಪತ್ರಗಳನ್ನು ನಿಕೋಲಾ ಟೆಸ್ಲಾ ಎಂಬವರು 1888ರಲ್ಲಿ ಅಮೆರಿಕೆಯಲ್ಲಿ ಪಡೆದರು. ಇದರ ಒಳಗೆ ತಿರುಗುವ ಭಾಗಕ್ಕೆ ಹೊರಗಿನಿಂದ ಯಾವ ತಂತಿಯ ಸಂಬಂಧವೂ ಇಲ್ಲ; ಹೊರಸುರುಳಿಗಳು ತಿರುಗುವ ಆಯಸ್ಕಾಂತ ಬಲವನ್ನು ನಿರ್ಮಿಸುವವು, ಆ ಬಲವು ಒಳಭಾಗದಲ್ಲಿ ಪ್ರೇರಣೆಯಿಂದ ವಿದ್ಯುತ್ತನ್ನು ಹುಟ್ಟಿಸಿ ಅದನ್ನು ತನ್ನ ಬೆನ್ನಿಗೆ ಎಳೆದೊಯ್ಯುವುದು. ಸವೆಯುವ ಭಾಗಗಳು ಕಡಿಮೆಯಾದುದರಿಂದ ರೈತನಿಗೆ ಇದಕ್ಕಿಂತ ಒಳ್ಳೆಯ ಸೇವಕನಿಲ್ಲ. ಕೆಸರಿನಲ್ಲಿಯೂ, ಕೊಳವೆಬಾವಿಯ ಆಳದಲ್ಲಿಯೂ ವರ್ಷಗಟ್ಟಲೆ ದುಡಿಯುವುದು. ಬನಹಟ್ಟಿ ರಬಕವಿಗಳ ವಿದ್ಯುತ್ ಮಗ್ಗಗಳನ್ನು ನಡೆಸುವ ಚಿಕ್ಕ ಮೋಟಾರುಗಳೂ ಇದೇ ಜಾತಿಯವು. ಆದರೆ ಆ ತಿರುಗುವ ಆಯಸ್ಕಾಂತವನ್ನು ಸಾಕುವುದಕ್ಕೆ ಮೇಲೆ ಹೇಳಿದ ಎರವಲು ಪ್ರವಾಹವು ಬೇಕೇ ಬೇಕು. ಲೈನಿನಿಂದ ತೆಗೆದುಕೊಂಡ ಒಟ್ಟು ಪ್ರವಾಹದಲ್ಲಿ ನಿಜವಾಗಿ ದುಡಿಯುವ ಪಾಲು ಎಷ್ಟೆಂಬುದನ್ನು ತೋರಿಸುವ ಸಂಖ್ಯೆಗೆ ಪವರ್ ಫ್ಯಾಕ್ಟರ್ ಎಂದು ಹೆಸರು. ಪೂರ್ಣ ದುಡಿದರೆ ಅದು 1. ನಮ್ಮ ಹೊಲದ ಮೋಟಾರುಗಳಲ್ಲಿ 0.75 ಇರುವುದು ಸಾಮಾನ್ಯ. ಮೋಟಾರಿನ ಮೇಲೆ ಭಾರವು ಕಡಿಮೆಯಾದಷ್ಟೂ ಈ ಸಂಖ್ಯೆಯು ಇನ್ನೂ ಕುಗ್ಗುವುದು. ಆಯಸ್ಕಾಂತಕ್ಕೆ ಬೇಕಾದ ಎರವಲು ಅಷ್ಟೇ ಉಳಿದು, ದುಡಿಮೆಯು ಮಾತ್ರ ಇಳಿಯುವುದಷ್ಟೆ. ಅವಶ್ಯಕತೆಗಿಂತ ದೊಡ್ಡ ಮೋಟಾರನ್ನು ಕೂರಿಸುವುದು ಪ್ರತಿಷ್ಠೆಯೆಂದು ತಿಳಿದವರು ಇದನ್ನು ಗಮನಿಸತಕ್ಕದ್ದು. ಕಾಗದದಲ್ಲಿ 5 ಅಶ್ವಶಕ್ತಿಯೆಂದು ಬರೆಯಿಸಿ ಬಾವಿಯಲ್ಲಿ 7½ನ್ನು ಇಳಿಸುವ ಪದ್ಧತಿಯ ವಿಚಾರವಾಗಿ ನಾನು ಹೆಚ್ಚು ಹೇಳಲಾರೆ, ಬಲ್ಲವರು ಬಲ್ಲರು.

ಲೆಕ್ಕವನ್ನು ಒಂದು ಸಾರಿ ಮಾಡಿ ನೋಡೋಣ. 7½ ಅಶ್ವಶಕ್ತಿಯ ಒಂದು ಮೋಟಾರು ಪೂರ್ಣ ಭಾರದಲ್ಲಿ ಸುಮಾರು 6.6 ಕಿಲೋವಾಟ್ ಶಕ್ತಿಯನ್ನು ಸೆಳೆಯುವುದೆಂದು ಇಟ್ಟುಕೊಳ್ಳಿರಿ. ಪವರ್ ಫ್ಯಾಕ್ಟರ್ 0.75 ಆದರೆ ಟಿ.ಸಿ.ಯ ಮೇಲೆ ಬೀಳುವ ಹೊರೆಯು 8.8 ಕೆ.ವಿ.ಎ.; 415 ವೋಲ್ಟಿನ ಮೂರು ತಂತಿಗಳಲ್ಲಿ ಒಂದೊಂದರಲ್ಲಿಯೂ ಹರಿಯುವ ಪ್ರವಾಹವು ಸುಮಾರು 12 ಆಂಪಿಯರ್. 63 ಕೆ.ವಿ.ಎ. ಅಳತೆಯ ಪರಿವರ್ತಕವು ಇಂಥ ಏಳು ಮೋಟಾರುಗಳಿಗೇ ತುಂಬಿಹೋಗುವುದು. ಎಂಟನೆಯವನು ಸ್ವಿಚ್ಚು ಹಾಕಿದೊಡನೆ ಅದು ತನ್ನ ಅಳತೆಯನ್ನು ಮೀರಿ ಕಾಯತೊಡಗುವುದು.

ಹೊರೆ ಹೆಚ್ಚಿದೊಡನೆ ಲೈನಿನ ಕೊನೆಯಲ್ಲಿರುವ ಹೊಲದಲ್ಲಿ ವೋಲ್ಟೇಜು ಕುಸಿಯುವುದು. ಮೋಟಾರಿನ ತಿರುಚುಬಲವು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿರುವುದರಿಂದ, ವೋಲ್ಟೇಜು ನೂರಕ್ಕೆ ಇಪ್ಪತ್ತರಷ್ಟು ಇಳಿದರೆ ಆ ಬಲವು ನೂರಕ್ಕೆ ಅರವತ್ತನಾಲ್ಕಕ್ಕೆ ಇಳಿಯುವುದು. ನೀರಿನ ಭಾರವೋ ಹೆಚ್ಚುಕಡಿಮೆ ಅಷ್ಟೇ ಇರುವುದು. ಆದುದರಿಂದ ಮೋಟಾರು ಹೇಗಾದರೂ ತಿರುಗಬೇಕೆಂದು ಹೆಚ್ಚು ಪ್ರವಾಹವನ್ನು ಸೆಳೆಯುವುದು. ಸೆಳೆದಷ್ಟೂ ಲೈನಿನಲ್ಲಿ ವೋಲ್ಟೇಜು ಮತ್ತಷ್ಟು ಬೀಳುವುದು. ಕೊನೆಗೆ ಒಳಗಿನ ಸುರುಳಿಯ ಹೊದಿಕೆಯು ಕರಗಿ ಮೋಟಾರು ಸುಡುವುದು. ಸುಟ್ಟ ಮೋಟಾರನ್ನು ಕೊಳವೆಬಾವಿಯಿಂದ ಎತ್ತಿಸಿ, ಸುರುಳಿ ಕಟ್ಟಿಸಿ, ಮತ್ತೆ ಇಳಿಸುವ ಖರ್ಚು ಎಷ್ಟೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಲೈನಿನ ಆರಂಭದಲ್ಲಿರುವ ದೊಡ್ಡ ಹಿಡುವಳಿದಾರನಿಗೆ ಈ ಸಂಕಟವು ಅಷ್ಟಾಗಿ ತಟ್ಟದು. ಕೊನೆಯಲ್ಲಿರುವ ಎರಡೆಕರೆಯವನಿಗೆ ಮೊದಲು ತಟ್ಟುವುದು.

ಇದಕ್ಕೆ ಪರಿಹಾರವು ಬಹುಕಾಲದಿಂದ ತಿಳಿದಿರುವುದೇ ಆಗಿದೆ. ಕೆಪಾಸಿಟರ್ ಎಂಬ ಉಪಕರಣವು ಸುರುಳಿಗೆ ಸರಿಯಾಗಿ ವಿರುದ್ಧ ಸ್ವಭಾವದ್ದು. ಸುರುಳಿಯಲ್ಲಿ ಪ್ರವಾಹವು ವೋಲ್ಟೇಜಿನ ಹಿಂದೆ ಬಿದ್ದರೆ, ಕೆಪಾಸಿಟರಿನಲ್ಲಿ ಅದು ಮುಂದೆ ನಡೆಯುವುದು. ಮೋಟಾರಿನ ಆಯಸ್ಕಾಂತವು ಶಕ್ತಿಯನ್ನು ಬೇಡುವ ಕ್ಷಣದಲ್ಲಿ ಕೆಪಾಸಿಟರು ಕೊಡುವುದು. ಅದು ಹಿಂದಿರುಗಿಸುವ ಕ್ಷಣದಲ್ಲಿ ಇದು ತೆಗೆದುಕೊಳ್ಳುವುದು. ಹೀಗೆ ಎರವಲು ವ್ಯವಹಾರವೆಲ್ಲವೂ ಮೋಟಾರು ಮನೆಯೊಳಗೇ ಮುಗಿದು, ಲೈನಿನ ಮೇಲೆ ಬರಿಯ ದುಡಿಮೆಯ ಪ್ರವಾಹವೇ ಬಹುಮಟ್ಟಿಗೆ ಉಳಿಯುವುದು. ನೇಗಿಲು ನೊಗಗಳನ್ನು ಪ್ರತಿದಿನ ಊರಿನಿಂದ ತರುವ ಬದಲು ಹೊಲದ ಗುಡಿಸಲಿನಲ್ಲಿಯೇ ಇರಿಸಿಕೊಂಡಂತೆ. ಮೇಲಿನ ಮೋಟಾರಿಗೆ 3 ಕೆ.ವಿ.ಎ.ಆರ್. ಅಳತೆಯ ಕೆಪಾಸಿಟರನ್ನು ಹಚ್ಚಿದರೆ ಪವರ್ ಫ್ಯಾಕ್ಟರ್ 0.92ರ ಸುಮಾರಿಗೆ ಏರುವುದು. 12 ಆಂಪಿಯರ್ ಇದ್ದ ಪ್ರವಾಹವು ಸುಮಾರು 10ಕ್ಕೆ ಇಳಿಯುವುದು. ತಂತಿಯ ಕಾವು ಪ್ರವಾಹದ ವರ್ಗಕ್ಕೆ ಅನುಸಾರವಾದುದರಿಂದ, 144 ಇದ್ದ ಕಾವು 100ಕ್ಕೆ ಇಳಿದಂತಾಯಿತು. ಟಿ.ಸಿ.ಯ ಮೇಲಿನ ಹೊರೆಯು 8.8ರಿಂದ 7.2 ಕೆ.ವಿ.ಎ.ಗೆ ತಗ್ಗಿ, ಏಳು ಮೋಟಾರುಗಳಿಗೇ ಸಾಕಾಗುತ್ತಿದ್ದ ಪರಿವರ್ತಕವು ಎಂಟನ್ನು ಹೊರುವುದು. ಎಂಟನೆಯ ರೈತನ ಜಗಳವು ಅಲ್ಲಿಗೆ ತೀರಿತು.

ಇಷ್ಟು ಸುಲಭವಾದ ಉಪಾಯವು ಹೊಲಗಳಲ್ಲಿ ಏಕೆ ಕಾಣಿಸುವುದಿಲ್ಲವೆಂದು ಕೇಳಬಹುದು. ಸಂಪರ್ಕ ಪಡೆಯುವಾಗ ಕೆಪಾಸಿಟರನ್ನು ಅಳವಡಿಸಬೇಕೆಂಬ ನಿಬಂಧನೆಯು ಇದ್ದೇ ಇದೆ. ಆದರೆ ನಾನು ಕಂಡ ಮೋಟಾರು ಮನೆಗಳ ಪೈಕಿ ಅನೇಕ ಕಡೆಗಳಲ್ಲಿ ಅದು ಉಬ್ಬಿ ಒಡೆದು ಮೂಲೆಯಲ್ಲಿ ಬಿದ್ದಿರುವುದು, ಅಥವಾ ತಂತಿ ಕಳಚಿ ಗೋಡೆಗೆ ತೂಗುತ್ತಿರುವುದು. ಇದಕ್ಕೆ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆಪಾಸಿಟರಿನಿಂದ ಅದನ್ನು ಹಚ್ಚಿದವನಿಗೆ ನೇರವಾದ ಲಾಭವು ಸ್ವಲ್ಪವೇ. ಎರವಲು ಪ್ರವಾಹವನ್ನು ಸಾಮಾನ್ಯ ಮೀಟರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಲ್ಲದೆ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಕರ್ನಾಟಕ ಸರ್ಕಾರವು 2008ರಿಂದ ಉಚಿತವಾಗಿ ವಿದ್ಯುತ್ತನ್ನು ಒದಗಿಸಿದೆ. ಮೋಟಾರಿನ ಒಳಗಿನ ಪ್ರವಾಹವಾಗಲಿ, ಸ್ಟಾರ್ಟರಿನಿಂದ ಕೊಳವೆಬಾವಿಗೆ ಇಳಿಯುವ ಕೇಬಲ್ಲಿನ ಪ್ರವಾಹವಾಗಲಿ, ಕೆಪಾಸಿಟರಿನಿಂದ ಕಡಿಮೆಯಾಗದು. ಅದರಿಂದ ಹಿಂದಕ್ಕೆ, ಎಂದರೆ ಕಂಬದ ಕಡೆಗೆ, ಟಿ.ಸಿ.ಯ ಕಡೆಗೆ ಇರುವ ತಂತಿಯಲ್ಲಿ ಮಾತ್ರ ಕಡಿಮೆಯಾಗುವುದು. ಹಣವನ್ನು ಕೊಟ್ಟವನು ಒಬ್ಬ, ಒಳ್ಳೆಯ ವೋಲ್ಟೇಜು ದೊರೆಯುವುದು ಎಲ್ಲರಿಗೂ. ಆದುದರಿಂದ "ನಾನೊಬ್ಬನೇ ಏಕೆ ಮಾಡಲಿ" ಎಂಬ ಪ್ರಶ್ನೆಯು ಏಳುವುದು ಆಶ್ಚರ್ಯವಲ್ಲ. ಒಬ್ಬೊಬ್ಬ ರೈತನಿಗೆ ಬುದ್ಧಿ ಹೇಳುವುದರಿಂದ ಈ ಕೆಲಸವು ಆಗಲಾರದೆಂದೂ, ಒಂದು ಟಿ.ಸಿ.ಯ ಕೆಳಗಿನ ಎಲ್ಲರೂ ಒಂದೇ ವಾರದಲ್ಲಿ ಕೂಡಿ ಮಾಡತಕ್ಕ ಕೆಲಸವೆಂದೂ ನನ್ನ ಅಭಿಪ್ರಾಯ. ಊರಿನ ಗೌಡರೂ ಪಂಚಾಯತಿಯ ಅಧ್ಯಕ್ಷರೂ ದೊಡ್ಡ ಹಿಡುವಳಿದಾರರೂ ಮುಂದೆ ನಿಲ್ಲದೆ ಇದು ಸಾಗದು. ಲೈನಿನ ಆರಂಭದಲ್ಲಿರುವವರು ಮೊದಲು ಹಚ್ಚಿ ತೋರಿಸುವುದೇ ನ್ಯಾಯ.

ಕೂಡಿ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರ ರೈತ ಸಂಘದ ರೈತರು ವಂತಿಗೆ ಕೂಡಿಸಿ, ತಮ್ಮ ಮೈಬೆವರನ್ನು ಸುರಿಸಿ, ನದಿಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿ 1989ರಲ್ಲಿ ಮುಗಿಸಿದರು. ದಿವಂಗತ ಸಿದ್ದು ನ್ಯಾಮಗೌಡರು ಅದರ ಮುಂದಾಳುಗಳಾಗಿದ್ದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಒಪ್ಪುವುದು. ಯಾರ ಹೊಲಕ್ಕೆ ಎಷ್ಟು ಲಾಭವೆಂದು ತೂಗುತ್ತ ಕುಳಿತಿದ್ದರೆ ಆ ಬ್ಯಾರೇಜು ಏಳುತ್ತಿರಲಿಲ್ಲ. ಅದರ ಮುಂದೆ ಏಳೆಂಟು ಕೆಪಾಸಿಟರುಗಳ ಖರ್ಚು ಎಷ್ಟು ಮಾತ್ರದ್ದು?

"ಕೆಪಾಸಿಟರ್ ಹಚ್ಚಿದ್ದರಿಂದಲೇ ನನ್ನ ಮೋಟಾರು ಸುಟ್ಟಿತು" ಎಂದು ಕೆಲವರು ಹೇಳುವರು. ಇದನ್ನು ಹುಸಿಯೆಂದು ತಳ್ಳಿಹಾಕುವುದು ಸರಿಯಲ್ಲ. ಮೋಟಾರಿನ ಆಯಸ್ಕಾಂತಕ್ಕೆ ಬೇಕಾದುದಕ್ಕಿಂತ ದೊಡ್ಡ ಕೆಪಾಸಿಟರನ್ನು ಮೋಟಾರಿನ ತುದಿಗಳಿಗೇ ಹಚ್ಚಿದರೆ, ಕರೆಂಟು ಹೋದ ಮೇಲೂ ತಿರುಗುತ್ತಿರುವ ಮೋಟಾರು ಸ್ವಲ್ಪ ಹೊತ್ತು ತಾನೇ ಜನರೇಟರಿನಂತಾಗಿ ಅತಿಯಾದ ವೋಲ್ಟೇಜನ್ನು ಹುಟ್ಟಿಸುವ ಸಂಭವವುಂಟು. ಆದುದರಿಂದ ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯಲಾಗದು. 5 ಅಶ್ವಶಕ್ತಿಗೆ 2, 7½ಕ್ಕೆ 3, 10ಕ್ಕೆ 4 ಕೆ.ವಿ.ಎ.ಆರ್. ಎಂಬುದು ಸುಮಾರಾದ ಅಳತೆ. ಐ.ಎಸ್.ಐ. ಮುದ್ರೆಯಿಲ್ಲದ ಅಗ್ಗದ ಮಾಲನ್ನು ಕೊಳ್ಳಬಾರದು. ಸ್ಟಾರ್ಟರಿನ ಓವರ್‌ಲೋಡ್ ರಿಲೇಯ ಮುಂದೆ ಮೋಟಾರಿನ ಕಡೆಗೆ ಕೆಪಾಸಿಟರನ್ನು ಜೋಡಿಸಿದಲ್ಲಿ, ರಿಲೇಯ ಮೂಲಕ ಹಾಯುವ ಪ್ರವಾಹವು ಕಡಿಮೆಯಾಗುವುದರಿಂದ ಅದರ ಅಳತೆಯನ್ನೂ ತಕ್ಕಂತೆ ಇಳಿಸಬೇಕು. ಇಲ್ಲದಿದ್ದರೆ ಕಾವಲುಗಾರನು ನಿದ್ರೆಹೋದಂತೆ ಆಗಿ ಮೋಟಾರು ಸುಟ್ಟರೂ ರಿಲೇ ಬಿಡದು. ಮೋಟಾರು ಸುಟ್ಟ ದೂರುಗಳಲ್ಲಿ ಎಷ್ಟೋ ಈ ತಪ್ಪಿನಿಂದ ಹುಟ್ಟಿದುವೆಂದು ನನಗೆ ತೋರುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರು ಇದ್ದಲ್ಲಿ ಜೋಡಣೆಯ ಕ್ರಮವೇ ಬೇರೆ. ಇವೆಲ್ಲವನ್ನೂ ಪರವಾನಿಗೆಯುಳ್ಳ ವಾಯರ್‌ಮನ್ನನ ಕೈಯಿಂದಲೇ ಮಾಡಿಸತಕ್ಕದ್ದು. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ, ಐದು ನಿಮಿಷಗಳಾದರೂ ಕಾಯದೆ ಅದರ ತುದಿಗಳನ್ನು ಯಾರೂ ಮುಟ್ಟಕೂಡದು. ಮಕ್ಕಳಿಗೂ ಆಳುಗಳಿಗೂ ಇದನ್ನು ಖಂಡಿತವಾಗಿ ಹೇಳಿಡಬೇಕು.

ಕೆಪಾಸಿಟರಿನೊಡನೆ ಇನ್ನೊಂದು ಸಣ್ಣ ಸುಧಾರಣೆಯನ್ನೂ ಮಾಡಿಕೊಳ್ಳದಿದ್ದರೆ ಪ್ರಯೋಜನವು ಅರ್ಧವೇ. ತ್ರೀಫೇಸ್ ಕರೆಂಟು ದಿನದಲ್ಲಿ ಕೆಲವೇ ಗಂಟೆ, ಅದೂ ಹಲವು ಸಲ ರಾತ್ರಿಯಲ್ಲಿ, ಬರುವುದರಿಂದ ರೈತರು ಆಟೋ ಸ್ಟಾರ್ಟರುಗಳನ್ನು ಹಾಕಿಕೊಂಡಿರುವರು. ರಾತ್ರಿ ಕಬ್ಬಿನ ಗದ್ದೆಯಲ್ಲಿ ಹಾವು ಹುಳುಗಳ ನಡುವೆ ಓಡಾಡುವ ಕಷ್ಟವನ್ನು ಬಲ್ಲವರು ಅವರನ್ನು ಆಕ್ಷೇಪಿಸಲಾರರು. ಆದರೆ ಕರೆಂಟು ಬಂದ ಅದೇ ಕ್ಷಣದಲ್ಲಿ ಸುತ್ತಲಿನ ಹೊಲಗಳಲ್ಲಿ ಸ್ಟಾರ್ಟರುಗಳು ಒಂದರ ಹಿಂದೊಂದು ಟಕಟಕನೆ ಬೀಳುವ ಸದ್ದನ್ನು ಕೇಳಿ ನೋಡಿರಿ. ನಿಂತಿರುವ ಮೋಟಾರಿನಲ್ಲಿ ಪ್ರವಾಹವನ್ನು ತಡೆಯುವ ವಿರೋಧಬಲವು ಇನ್ನೂ ಹುಟ್ಟಿರುವುದಿಲ್ಲವಾದುದರಿಂದ, ನೇರವಾಗಿ ಹೊರಡುವ ಮೋಟಾರು ಮೊದಲ ಕ್ಷಣಗಳಲ್ಲಿ ಐದಾರು ಪಟ್ಟು ಪ್ರವಾಹವನ್ನು ಸೆಳೆಯುವುದು. ಏಳು ಮೋಟಾರುಗಳ ನಿತ್ಯದ 84 ಆಂಪಿಯರ್ ಆ ಕ್ಷಣದಲ್ಲಿ 400ನ್ನು ಮೀರುವುದು. ಆಗ ಫ್ಯೂಸು ಹಾರಿದರೆ ಪುಣ್ಯ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿಯನ್ನು ಯಾರಾದರೂ ಸುತ್ತಿಟ್ಟಿದ್ದರೆ ಏಟು ಟಿ.ಸಿ.ಗೇ ತಗಲುವುದು. ಆಟೋ ಸ್ಟಾರ್ಟರುಗಳಲ್ಲಿ ತಡಮಾಡುವ ಟೈಮರನ್ನು ಕೂರಿಸಿ, ಮೊದಲಿನವರು 10 ಸೆಕೆಂಡು, ಮುಂದಿನವರು 20, ಅದರ ಮುಂದಿನವರು 30 ಎಂದು ಪಾಳಿ ಹಚ್ಚಿಕೊಂಡರೆ ಒಂದು ನಿಮಿಷದ ಸುಮಾರಿನಲ್ಲಿ ಎಲ್ಲರ ಮೋಟಾರುಗಳೂ ಸುಖವಾಗಿ ಹೊರಟಿರುವುವು. ನೀರಿನ ಪಾಳಿಯನ್ನು ನಮ್ಮ ಹಿರಿಯರು ಗಳಿಗೆಬಟ್ಟಲಿನಿಂದ ಹಂಚಿಕೊಳ್ಳುತ್ತಿದ್ದರು. ಸೆಕೆಂಡುಗಳ ಈ ಪಾಳಿಯು ಅದಕ್ಕಿಂತ ಸುಲಭ.

ಈ ಕೆಲಸವನ್ನು ಕಬ್ಬಿನ ಕಟಾವು ಮುಗಿದು ಬೇಸಿಗೆಯ ನೀರಿನ ಒತ್ತಡ ಏರುವ ಮೊದಲೇ ಕೈಗೊಳ್ಳುವುದು ಅನುಕೂಲ. ಮೊದಲು ಒಂದೇ ಟಿ.ಸಿ.ಯನ್ನು ಆರಿಸಿಕೊಂಡು, ಎಲ್ಲ ಮೋಟಾರುಗಳೂ ನಡೆಯುತ್ತಿರುವಾಗ, ಕಂಬದಿಂದ ಒಂದೊಂದು ಸ್ಟಾರ್ಟರಿಗೆ ಬರುವ ತಂತಿಯಲ್ಲಿ ಕ್ಲಾಂಪ್ ಮೀಟರಿನಿಂದ ಪ್ರವಾಹವನ್ನೂ, ಲೈನಿನ ಕೊನೆಯ ಹೊಲದಲ್ಲಿ ವೋಲ್ಟೇಜನ್ನೂ ವಾಯರ್‌ಮನ್ನನಿಂದ ಅಳೆಯಿಸಿ ಬರೆದಿಡಬೇಕು. ಕೆಪಾಸಿಟರುಗಳನ್ನು ಹಚ್ಚಿದ ಮೇಲೆ ಅದೇ ಹೊತ್ತಿನಲ್ಲಿ, ಅಷ್ಟೇ ಮೋಟಾರುಗಳು ನಡೆಯುತ್ತಿರುವಾಗ ಮತ್ತೊಮ್ಮೆ ಅಳೆಯಿಸಬೇಕು. ಎರಡು ಸಾರಿಯ ಅಂಕಿಗಳನ್ನೂ ಪಂಚಾಯತಿಯ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಿಸಿದರೆ, ಪಕ್ಕದ ಟಿ.ಸಿ.ಯವರು ತಾವಾಗಿಯೇ ಬಂದು ವಿಚಾರಿಸುವರು.